ಬ್ಯಾಕಪ್‌ನ ಕ್ಯಾಟಲಾಗ್ ಯಾವ ಡೇಟಾಬೇಸಿನಲ್ಲಿರಬೇಕು?

2021ರ ಕೊನೆಯಲ್ಲಿ ಹೊರಬಂದ 21ನೇ ಆವೃತ್ತಿಯಿಂದ ಬ್ಯಾರಿಯೋಸ್ ಎಂಬ ಮುಕ್ತ ಬ್ಯಾಕಪ್ ತಂತ್ರಾಂಶವು ತನ್ನ ಕ್ಯಾಟಲಾಗಿಗೆ, ಅಂದರೆ ಯಾವ ಫೈಲು ಯಾವ ಬ್ಯಾಕಪ್‌ನಲ್ಲಿದೆ ಎಂದು ಬರೆದಿಡುವ ದಾಖಲೆಗೆ, ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಡೇಟಾಬೇಸ್ ಒಂದನ್ನೇ ಉಳಿಸಿಕೊಂಡಿತು. ಅದಕ್ಕೂ ಮುನ್ನ ಮೈಎಸ್‌ಕ್ಯೂಎಲ್ ಕೂಡ ಅಲ್ಲಿ ಸಲ್ಲುತ್ತಿತ್ತು. ಬ್ಯಾರಿಯೋಸ್ ಕವಲೊಡೆದು ಬಂದದ್ದು ಬ್ಯಾಕ್ಯುಲಾದಿಂದ. ಕರ್ನ್ ಸಿಬಾಲ್ಡ್ 2000ದಲ್ಲಿ ಆರಂಭಿಸಿ 2002ರಲ್ಲಿ ಸಾರ್ವಜನಿಕವಾಗಿ ಬಿಡುಗಡೆ ಮಾಡಿದ ಈ ತಂತ್ರಾಂಶ ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್‌ಕ್ಯೂಎಲ್, ಎಸ್‌ಕ್ಯೂಎಲೈಟ್ ಮೂರನ್ನೂ ಒಳಗೊಂಡು ಬೆಳೆಯಿತು. ಯಾವುದನ್ನು ಬಳಸಬೇಕೆಂಬ ತೀರ್ಮಾನವನ್ನು ಅನುಸ್ಥಾಪಿಸುವವರಿಗೇ ಬಿಟ್ಟಿತು. ಒಂದೇ ಬೇರಿನ ಎರಡು ಯೋಜನೆಗಳು ಹೀಗೆ ಬೇರೆ ಬೇರೆ ದಾರಿ ಹಿಡಿದಿರುವುದು ಕೇವಲ ಪ್ರೋಗ್ರಾಮರುಗಳ ಒಳಜಗಳವಾಗಿ ಉಳಿದಿಲ್ಲ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ, ಬಾಗಲಕೋಟೆ ಜಿಲ್ಲೆಯ ಸಕ್ಕರೆ ಕಾರ್ಖಾನೆ, ವಿಜಯಪುರದ ಪತ್ತಿನ ಸಹಕಾರಿ ಸಂಘ, ಹೀಗೆ ಇಡೀ ಕಂಪ್ಯೂಟರ್ ವಿಭಾಗವೇ ಒಬ್ಬಿಬ್ಬರ ಹೆಗಲ ಮೇಲಿರುವ ಸಂಸ್ಥೆಗಳು ಖರ್ಚಿಲ್ಲದೆ ದೊರೆಯುವ ಇಂಥ ತಂತ್ರಾಂಶವನ್ನು ಆರಿಸಿಕೊಂಡಾಗ ಈ ತೀರ್ಮಾನದ ಫಲವನ್ನು ಉಣ್ಣಬೇಕಾದವರು ಅವರೇ.

ಮೊದಲು ಒಂದು ಗೊಂದಲವನ್ನು ಬದಿಗಿಡಬೇಕು. ನಮ್ಮ ಲೆಕ್ಕಪತ್ರದ ಡೇಟಾಬೇಸನ್ನು ಬ್ಯಾಕಪ್ ಮಾಡುವುದು ಬೇರೆ, ಬ್ಯಾಕಪ್ ತಂತ್ರಾಂಶವು ತನ್ನ ಸ್ವಂತ ಉಪಯೋಗಕ್ಕೆ ಇಟ್ಟುಕೊಳ್ಳುವ ಡೇಟಾಬೇಸ್ ಬೇರೆ. ಇಲ್ಲಿ ಚರ್ಚಿಸುತ್ತಿರುವುದು ಎರಡನೆಯದನ್ನು. ಬ್ಯಾಕ್ಯುಲಾ ಕುಟುಂಬದಲ್ಲಿ ಅದಕ್ಕೆ ಕ್ಯಾಟಲಾಗ್ ಎಂದು ಹೆಸರು. ಗೋದಾಮಿನ ದಾಸ್ತಾನು ವಹಿ ಯಾವ ಚೀಲ ಯಾವ ಸಾಲಿನಲ್ಲಿದೆ ಎಂದು ಹೇಳುವಂತೆ, ಯಾವ ಫೈಲು ಯಾವ ದಿನದ ಯಾವ ಬ್ಯಾಕಪ್‌ನಲ್ಲಿ, ಯಾವ ಟೇಪಿನ ಅಥವಾ ಡಿಸ್ಕಿನ ಯಾವ ಜಾಗದಲ್ಲಿ ಕುಳಿತಿದೆ ಎಂಬುದು ಅದರಲ್ಲಿ ದಾಖಲಾಗಿರುತ್ತದೆ. ಕ್ಯಾಟಲಾಗ್ ಹೋದರೆ ಮಾಹಿತಿ ಹೋಗುವುದಿಲ್ಲ. ಆದರೆ ಅದನ್ನು ಹುಡುಕಿ ತೆಗೆಯುವ ಕೆಲಸ ಗಂಟೆಗಳಿಂದ ದಿನಗಳಿಗೆ ಜಿಗಿಯುತ್ತದೆ. ಇದರ ಗಾತ್ರವೂ ಸಣ್ಣದಲ್ಲ. ಐದು ಲಕ್ಷ ಫೈಲುಗಳಿರುವ ಸರ್ವರನ್ನು ತಿಂಗಳಿಗೊಮ್ಮೆ ಪೂರ್ತಿಯಾಗಿ ಬ್ಯಾಕಪ್ ಮಾಡಿ ಒಂದು ವರ್ಷ ಕಾಯ್ದಿಟ್ಟರೆ 60 ಲಕ್ಷ ಸಾಲುಗಳಾಗುತ್ತವೆ. ದಿನನಿತ್ಯದ ಬದಲಾವಣೆಗಳು ಇದರ ಮೇಲಿನ ಮಾತು. ಸಾಲೊಂದಕ್ಕೆ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಸಹಿತ 300 ಬೈಟ್ ಎಂದು ಲೆಕ್ಕ ಹಿಡಿದರೆ ಒಂದೇ ಸರ್ವರಿಗೆ 1.8 ಗಿಗಾಬೈಟಿನ ಕ್ಯಾಟಲಾಗ್ ಬೇಕಾಗುತ್ತದೆ.

ಮೂರೂ ಡೇಟಾಬೇಸುಗಳು ಎಸ್‌ಕ್ಯೂಎಲ್ ಭಾಷೆಯನ್ನೇ ಆಡುತ್ತವೆ. ಹಾಗಿದ್ದ ಮೇಲೆ ಮೂರನ್ನೂ ಬೆಂಬಲಿಸಲು ಏನು ಕಷ್ಟ ಎಂದು ಕೇಳುವುದು ಸಹಜ. ಕಷ್ಟ ಇರುವುದು ವೇಗ ಬೇಕಾದ ಎಡೆಗಳಲ್ಲಿ. ಲಕ್ಷಾಂತರ ಫೈಲುಗಳ ವಿವರವನ್ನು ಒಂದೊಂದಾಗಿ ಸೇರಿಸುತ್ತ ಕುಳಿತರೆ ಬ್ಯಾಕಪ್ ಬೆಳಗಾಗುವುದರೊಳಗೆ ಮುಗಿಯುವುದಿಲ್ಲ. ಆದ್ದರಿಂದ ಬ್ಯಾಕ್ಯುಲಾ ಎಲ್ಲವನ್ನೂ ಮೊದಲು ಒಂದು ತಾತ್ಕಾಲಿಕ ಕೋಷ್ಟಕಕ್ಕೆ ಸುರಿದು, ಕೊನೆಗೆ ಒಟ್ಟಾಗಿ ಮುಖ್ಯ ಕೋಷ್ಟಕಕ್ಕೆ ಸಾಗಿಸುತ್ತದೆ. ಈ ಸುರಿಯುವ ಕೆಲಸಕ್ಕೆ ಪೋಸ್ಟ್‌ಗ್ರೆಸ್‌ನಲ್ಲಿ ಕಾಪಿ ಎಂಬ ವಿಶೇಷ ಆದೇಶವಿದೆ. ಮೈಎಸ್‌ಕ್ಯೂಎಲ್‌ನಲ್ಲಿ ಅನೇಕ ಸಾಲುಗಳನ್ನು ಒಂದೇ ಇನ್ಸರ್ಟ್ ಆದೇಶದಲ್ಲಿ ಪೋಣಿಸಬೇಕು. ಎಸ್‌ಕ್ಯೂಎಲೈಟ್‌ನಲ್ಲಿ ಒಂದು ಹೊತ್ತಿಗೆ ಒಬ್ಬ ಬರಹಗಾರನಿಗೆ ಮಾತ್ರ ಅವಕಾಶವಿರುವುದರಿಂದ ಏಕಕಾಲಕ್ಕೆ ನಡೆಯುವ ಹಲವು ಬ್ಯಾಕಪ್‌ಗಳು ಸರದಿಯಲ್ಲಿ ನಿಲ್ಲಬೇಕಾಗುತ್ತದೆ. ಬ್ಯಾಕಪ್‌ನಿಂದ ಫೈಲುಗಳನ್ನು ಮರಳಿ ಪಡೆಯುವ ರಿಸ್ಟೋರ್ ಸಮಯದಲ್ಲೂ ಇದೇ ಕಥೆ. ಒಂದು ಪೂರ್ಣ ಬ್ಯಾಕಪ್ ಹಾಗೂ ಅದರ ಮೇಲಿನ, ಬದಲಾದದ್ದನ್ನಷ್ಟೇ ಉಳಿಸುವ ಇಪ್ಪತ್ತು ಇನ್‌ಕ್ರಿಮೆಂಟಲ್‌ಗಳ ನಡುವೆ ಪ್ರತಿ ಫೈಲಿನ ಕಟ್ಟಕಡೆಯ ಪ್ರತಿ ಯಾವುದು ಎಂದು ಕಂಡುಹಿಡಿಯಲು ಪೋಸ್ಟ್‌ಗ್ರೆಸ್‌ನ ಡಿಸ್ಟಿಂಕ್ಟ್ ಆನ್ ಸೌಲಭ್ಯ ಹೇಳಿ ಮಾಡಿಸಿದಂತಿದೆ. ಅದು ಉಳಿದೆರಡರಲ್ಲಿ ಇಲ್ಲದ ಕಾರಣ ಅಲ್ಲಿ ಗುಂಪು ಕಟ್ಟಿ ಗರಿಷ್ಠ ದಿನಾಂಕ ತೆಗೆದು ಮತ್ತೆ ಜೋಡಿಸುವ ಸುತ್ತುದಾರಿ ಹಿಡಿಯಬೇಕು. ಬ್ಯಾಕ್ಯುಲಾದ ಮೂಲ ಸಂಕೇತದಲ್ಲಿ ಒಂದೇ ಪ್ರಶ್ನೆಯನ್ನು ಡೇಟಾಬೇಸಿಗೊಂದರಂತೆ ಬೇರೆ ಬೇರೆಯಾಗಿ ಬರೆದಿಟ್ಟ ಪಟ್ಟಿಗಳೇ ಇವೆ. ಒಂದನ್ನು ತಿದ್ದಿದವರು ಉಳಿದವನ್ನೂ ತಿದ್ದಲೇಬೇಕು, ತಿದ್ದಿದ್ದನ್ನು ಪರೀಕ್ಷಿಸಲೂ ಬೇಕು.

ತಂತ್ರಾಂಶವನ್ನು ಹೊಸ ಆವೃತ್ತಿಗೆ ಮೇಲ್ದರ್ಜೆಗೇರಿಸುವಾಗ ಕೋಷ್ಟಕಗಳ ರಚನೆಯನ್ನೇ ಬದಲಿಸುವ ಸಂದರ್ಭ ಇನ್ನಷ್ಟು ಸೂಕ್ಷ್ಮವಾದದ್ದು. ಪೋಸ್ಟ್‌ಗ್ರೆಸ್ ಮತ್ತು ಎಸ್‌ಕ್ಯೂಎಲೈಟ್‌ಗಳಲ್ಲಿ ರಚನೆಯ ಬದಲಾವಣೆಯನ್ನು ವಹಿವಾಟಿನೊಳಗೆ, ಅಂದರೆ ಪೂರ್ತಿ ಆಗಬೇಕು ಇಲ್ಲವೇ ಏನೂ ಆಗಬಾರದು ಎಂಬ ಒಂದೇ ಕಟ್ಟಿನಲ್ಲಿ, ಮಾಡಬಹುದು. ನಡುವೆ ಕರೆಂಟು ಹೋದರೆ ಎಲ್ಲವೂ ಮೊದಲಿನ ಸ್ಥಿತಿಗೆ ಮರಳುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಅಂಥ ಪ್ರತಿಯೊಂದು ಆದೇಶವೂ ತನ್ನಷ್ಟಕ್ಕೆ ಖಾಯಂ ಆಗಿಬಿಡುವುದರಿಂದ ಹತ್ತು ಹೆಜ್ಜೆಗಳ ಮೇಲ್ದರ್ಜೆ ಆರನೆಯ ಹೆಜ್ಜೆಯಲ್ಲಿ ನಿಂತರೆ ಕ್ಯಾಟಲಾಗ್ ಹಳೆಯದೂ ಅಲ್ಲದ ಹೊಸದೂ ಅಲ್ಲದ ಸ್ಥಿತಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಯುಪಿಎಸ್‌ನ ಬ್ಯಾಟರಿ ಎಷ್ಟು ಹೊತ್ತು ತಡೆದೀತೆಂದು ಖಚಿತವಿಲ್ಲದ ಕಚೇರಿಗಳಲ್ಲಿ ಇದು ಬರೀ ಪುಸ್ತಕದ ಅಪಾಯವಲ್ಲ. ಎಸ್‌ಕ್ಯೂಎಲೈಟ್‌ಗೆ ಬೇರೆಯದೇ ಮಿತಿಯಿತ್ತು: ಕೋಷ್ಟಕದಿಂದ ಒಂದು ಅಂಕಣವನ್ನು ತೆಗೆದುಹಾಕುವ ಆದೇಶ ಅದರಲ್ಲಿ ಬಂದದ್ದೇ 2021ರ 3.35ನೇ ಆವೃತ್ತಿಯಲ್ಲಿ. ಅಲ್ಲಿಯವರೆಗೆ ಹೊಸ ಕೋಷ್ಟಕ ಕಟ್ಟಿ, ಎಲ್ಲವನ್ನೂ ನಕಲಿಸಿ, ಹಳೆಯದನ್ನು ಅಳಿಸಬೇಕಿತ್ತು.

ಇನ್ನು ಫೈಲುಗಳ ಹೆಸರಿನ ವಿಷಯ. ಕನ್ನಡದಲ್ಲಿ ಕಡತ ಇಡುವವರಿಗೆ ಈ ಚರ್ಚೆಯಲ್ಲಿ ಎಲ್ಲಕ್ಕಿಂತ ಹತ್ತಿರದ ಭಾಗ ಇದೇ. ಪಾಶ್ಚಾತ್ಯ ದೇಶಗಳ ಪರೀಕ್ಷಕರ ಕಣ್ಣಿಗೆ ಬೀಳದೇ ಉಳಿಯುವ ಭಾಗವೂ ಇದೇ. ಲಿನಕ್ಸ್‌ನ ದೃಷ್ಟಿಯಲ್ಲಿ ಫೈಲಿನ ಹೆಸರು ಬೈಟುಗಳ ಒಂದು ಸಾಲು ಮಾತ್ರ. ಅದು ಯಾವ ಲಿಪಿ, ಸರಿಯಾಗಿದೆಯೋ ಇಲ್ಲವೋ ಎಂಬ ಗೊಡವೆ ಅದಕ್ಕಿಲ್ಲ. ಇಎಕ್ಸ್‌ಟಿ4 ಫೈಲ್ ವ್ಯವಸ್ಥೆಯಲ್ಲಿ ಹೆಸರಿನ ಮಿತಿ 255 ಬೈಟ್. ಯೂನಿಕೋಡ್ ಬರಹವನ್ನು ಬೈಟುಗಳಾಗಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್ ಬೇಕು. ಅಂದರೆ 85 ಚಿಹ್ನೆಗಳಿಗೆ ಹೆಸರು ಮುಗಿಯಿತು. ಗುಣಿತ, ಒತ್ತು, ಅವುಗಳ ನಡುವಿನ ವಿರಾಮ ಎಲ್ಲವೂ ಪ್ರತ್ಯೇಕ ಚಿಹ್ನೆಗಳಾಗಿರುವುದರಿಂದ ನಾವು ಓದುವ ಅಕ್ಷರಗಳ ಲೆಕ್ಕದಲ್ಲಿ ಅದು ಮೂವತ್ತು, ನಲವತ್ತಕ್ಕೆ ಇಳಿಯಬಹುದು. ‘ವಾರ್ಷಿಕ ಸರ್ವಸಾಧಾರಣ ಸಭೆಯ ನಡಾವಳಿ ಮತ್ತು ಲೆಕ್ಕಪರಿಶೋಧನಾ ವರದಿ’ ಎಂಬಂಥ ಉದ್ದ ಹೆಸರಿಗೆ ಸಂಘದ ಹೆಸರು, ವರ್ಷಗಳನ್ನೂ ಸೇರಿಸಿಬಿಡುವ ನಮ್ಮ ಸಂಘಗಳ ಪದ್ಧತಿಗೆ ಈ ಮಿತಿ ತಾಗುವುದು ಕಷ್ಟವೇನಲ್ಲ. ಯಾವುದೋ ತಂತ್ರಾಂಶ ಇಂಥ ಹೆಸರನ್ನು ಒಂದು ನಿಗದಿತ ಬೈಟಿನ ಲೆಕ್ಕಕ್ಕೆ ತುಂಡರಿಸಿದರೆ ಕೊನೆಯ ಚಿಹ್ನೆ ಮಧ್ಯದಲ್ಲಿಯೇ ಕತ್ತರಿಸಿ ಹೋಗಬಹುದು. ಆಮೇಲೆ ಉಳಿಯುವುದು ಅಸಿಂಧುವಾದ ಯುಟಿಎಫ್-8. ಲಿನಕ್ಸ್ ಅದನ್ನು ಒಪ್ಪುತ್ತದೆ. ಯುಟಿಎಫ್-8 ಎಂದು ಘೋಷಿಸಿಕೊಂಡ ಪೋಸ್ಟ್‌ಗ್ರೆಸ್ ಡೇಟಾಬೇಸ್ ಒಪ್ಪುವುದಿಲ್ಲ. ಒಂದು ಕೆಟ್ಟ ಹೆಸರಿನ ಕಾರಣಕ್ಕೆ ಇಡೀ ರಾತ್ರಿಯ ಬ್ಯಾಕಪ್ ಬೀಳಬಾರದೆಂದೇ ಬ್ಯಾಕ್ಯುಲಾ ತನ್ನ ಪೋಸ್ಟ್‌ಗ್ರೆಸ್ ಕ್ಯಾಟಲಾಗನ್ನು ಎಸ್‌ಕ್ಯೂಎಲ್-ಆಸ್ಕಿ ಎಂಬ, ಬೈಟುಗಳನ್ನು ಪ್ರಶ್ನಿಸದ ಸಂಕೇತ ಪದ್ಧತಿಯಲ್ಲಿ ರಚಿಸುತ್ತದೆ. ಹೊಸಬರು ಇದನ್ನು ಹಳೆಯ ಕಾಲದ ಉಳಿಕೆಯೆಂದು ಭಾವಿಸಿ ಯುಟಿಎಫ್-8ಗೆ ‘ಸುಧಾರಿಸಲು’ ಹೋಗುವುದುಂಟು, ಹಾಗೆ ಮಾಡಬಾರದು.

ಮೈಎಸ್‌ಕ್ಯೂಎಲ್‌ನಲ್ಲಿ ತೊಂದರೆ ಇನ್ನೊಂದು ಬಗೆಯದು. 8.0 ಆವೃತ್ತಿಯಿಂದ ಅದರ ಪೂರ್ವನಿಯೋಜಿತ ಹೋಲಿಕೆಯ ನಿಯಮ ಯೂನಿಕೋಡಿನ ಪದವಿಂಗಡಣೆಯ ವಿಧಾನವನ್ನು ಅನುಸರಿಸುತ್ತದೆ. ಮನುಷ್ಯರ ಹೆಸರುಗಳನ್ನು ಹುಡುಕಲು ಅದು ಉತ್ತಮ, ಫೈಲುಗಳ ಹೆಸರಿಗೆ ಅಪಾಯಕಾರಿ. ಕನ್ನಡದ ‘ಕೋ’ ಅಕ್ಷರದ ದೀರ್ಘ ಓಕಾರವನ್ನು ಯೂನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎಕಾರ, ಊಕಾರ, ದೀರ್ಘದ ಗುರುತು ಎಂದು ಮೂರು ಬಿಡಿ ಚಿಹ್ನೆಗಳಾಗಿಯೂ ಬರೆಯಬಹುದು. ಆಪಲ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಇಡುತ್ತಿತ್ತು. ಪರದೆಯ ಮೇಲೆ ಎರಡೂ ಒಂದೇ, ಬೈಟುಗಳಲ್ಲಿ ಬೇರೆ, ಲಿನಕ್ಸ್‌ನ ಒಂದೇ ಫೋಲ್ಡರಿನಲ್ಲಿ ಎರಡೂ ಇರಬಲ್ಲವು. ಮೈಎಸ್‌ಕ್ಯೂಎಲ್‌ನ ಆ ನಿಯಮದ ಪ್ರಕಾರ ಎರಡೂ ಸಮ. ‘ರಾಜ್‌ಕುಮಾರ’ ಎಂದು ಅರ್ಧಾಕ್ಷರ ಬಿಡಿಸಿ ಬರೆಯಲು ನಾವು ಬಳಸುವ ಕಾಣದ ಚಿಹ್ನೆಯನ್ನೂ ಆ ನಿಯಮ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವಾದ್ದರಿಂದ ‘ರಾಜ್‌ಕುಮಾರ’ ಮತ್ತು ‘ರಾಜ್ಕುಮಾರ’ ಅದಕ್ಕೆ ಒಂದೇ ಹೆಸರು. ಪೋಸ್ಟ್‌ಗ್ರೆಸ್ ಮತ್ತು ಎಸ್‌ಕ್ಯೂಎಲೈಟ್ ಪೂರ್ವನಿಯೋಜಿತವಾಗಿ ಬೈಟುಗಳು ಒಂದೇ ಆಗಿದ್ದರೆ ಮಾತ್ರ ಸಮ ಎನ್ನುತ್ತವೆ. ಕನ್ನಡದ ಜೊತೆಗೆ ಮರಾಠಿಯಲ್ಲೂ ಕಡತಗಳಿರುವ ಬೆಳಗಾವಿಯ ಒಂದು ಸಂಘದಲ್ಲಿ ದೇವನಾಗರಿಯ ನುಕ್ತೆಯುಳ್ಳ, ಅಂದರೆ ಅಡಿಯಲ್ಲಿ ಚುಕ್ಕೆಯಿರುವ, ಅಕ್ಷರಗಳೂ ಇದೇ ಇಬ್ಬಗೆಯನ್ನು ಹುಟ್ಟಿಸುತ್ತವೆ. ಹೆಸರುಗಳಿಗೆ ಅನನ್ಯತೆಯ ನಿರ್ಬಂಧ (ಒಂದೇ ಹೆಸರು ಎರಡು ಸಲ ಬರಬಾರದೆಂಬ ನಿಯಮ) ಹಾಕಿದ ಒಂದೇ ಕೋಷ್ಟಕ ಪೋಸ್ಟ್‌ಗ್ರೆಸ್‌ನಲ್ಲಿ ಎರಡೂ ಹೆಸರುಗಳನ್ನು ಸ್ವೀಕರಿಸಿ, ಮೈಎಸ್‌ಕ್ಯೂಎಲ್‌ನಲ್ಲಿ ಎರಡನೆಯದನ್ನು ತಿರಸ್ಕರಿಸುವುದು ಸಾಧ್ಯ.

ಬ್ಯಾಕ್ಯುಲಾ ಈ ಬಲೆಯಿಂದ ತಪ್ಪಿಸಿಕೊಂಡದ್ದು ಮೈಎಸ್‌ಕ್ಯೂಎಲ್‌ನಲ್ಲಿ ಹೆಸರುಗಳನ್ನು ಪಠ್ಯವೆಂದು ಘೋಷಿಸದೆ ಬರಿಯ ಬೈಟುಗಳ ಬ್ಲಾಬ್ ಆಗಿ ಇಟ್ಟು. ಅದಕ್ಕೂ ಬೆಲೆಯಿದೆ. ಬ್ಲಾಬ್ ಅಂಕಣದ ಮೇಲೆ ಇಂಡೆಕ್ಸ್ ಮಾಡಲು ಮೊದಲ ಇಂತಿಷ್ಟು ಬೈಟ್ ಎಂದು ಹೇಳಲೇಬೇಕು. ಅಲ್ಲಿ ಆ ಸಂಖ್ಯೆ 255. ಫೈಲನ್ನು ತಲುಪುವ ಫೋಲ್ಡರುಗಳ ಹಾದಿಯ ಹೆಸರುಗಳು ಇಂಗ್ಲಿಷಿನಲ್ಲಿದ್ದಾಗ ಅಷ್ಟು ಸಾಕಾಗುತ್ತದೆ. ತಾಲ್ಲೂಕು, ಶಾಖೆ, ವರ್ಷ, ವಿಭಾಗ ಎಂದು ಕನ್ನಡದ ಫೋಲ್ಡರುಗಳು ಒಂದರೊಳಗೊಂದು ಹೋದಾಗ ಮೊದಲ 85 ಚಿಹ್ನೆಗಳು ಸಾವಿರಾರು ಹಾದಿಗಳಿಗೆ ಒಂದೇ ಆಗಿಬಿಟ್ಟು ಇಂಡೆಕ್ಸಿನ ಪ್ರಯೋಜನ ಕುಗ್ಗುತ್ತದೆ. ತಂತ್ರಾಂಶ ಬರೆದವರು ತಪ್ಪು ಮಾಡಿದ್ದಾರೆಂದು ಇದರ ಅರ್ಥವಲ್ಲ. ಮೂರು ಡೇಟಾಬೇಸುಗಳ ಸ್ವಭಾವಕ್ಕೆ ಒಗ್ಗುವ ಮಾರ್ಗ ಹುಡುಕಿದಾಗ ದೊರೆಯುವುದು ಹೆಚ್ಚಾಗಿ ಮೂರಕ್ಕೂ ಅಷ್ಟಕ್ಕಷ್ಟೇ ಹೊಂದುವ ಮಾರ್ಗ.

ಪರೀಕ್ಷೆಯ ಹೊರೆಯನ್ನು ಹೀಗೆ ಅಂದಾಜಿಸಬಹುದು. ಪೋಸ್ಟ್‌ಗ್ರೆಸ್‌ನ ಪ್ರತಿ ಮುಖ್ಯ ಆವೃತ್ತಿಗೆ ಐದು ವರ್ಷಗಳ ಬೆಂಬಲವಿದ್ದು ವರ್ಷಕ್ಕೊಂದು ಹೊಸದು ಬರುವುದರಿಂದ ಯಾವುದೇ ಹೊತ್ತಿಗೆ ಐದು ಆವೃತ್ತಿಗಳು ಚಾಲ್ತಿಯಲ್ಲಿರುತ್ತವೆ. ಮೈಎಸ್‌ಕ್ಯೂಎಲ್‌ಗೆ ಎರಡು, ಅದರಿಂದ ಕವಲೊಡೆದ ಮಾರಿಯಾಡಿಬಿಗೆ ಮೂರು, ಎಸ್‌ಕ್ಯೂಎಲೈಟ್‌ಗೆ ಒಂದು ಎಂದು ಸೇರಿಸಿದರೆ ಒಟ್ಟು 11. ಹಿಂದಿನ ಮೂರು ಆವೃತ್ತಿಗಳ ಕ್ಯಾಟಲಾಗಿನಿಂದ ಮೇಲ್ದರ್ಜೆಗೇರುವುದನ್ನು ಪ್ರತಿಯೊಂದರ ಮೇಲೂ ಪರೀಕ್ಷಿಸಿದರೆ 33 ಸಂಯೋಜನೆಗಳು. ಬೆರಳೆಣಿಕೆಯ ಜನರ ಮುಕ್ತ ಯೋಜನೆ ಇದನ್ನು ಪ್ರತಿ ಬಿಡುಗಡೆಗೂ ಮಾಡಲಾರದು. ಆಗ ಅಭಿವೃದ್ಧಿಕಾರರು ತಾವು ದಿನವೂ ಬಳಸುವ ಡೇಟಾಬೇಸನ್ನು ಚೆನ್ನಾಗಿ ಪರೀಕ್ಷಿಸುತ್ತಾರೆ, ಉಳಿದವುಗಳ ದೋಷಗಳು ಬಳಕೆದಾರರ ಸರ್ವರಿನಲ್ಲಿ ಹೊರಬೀಳುತ್ತವೆ. ಮಾರಿಯಾಡಿಬಿಯನ್ನು ಮೈಎಸ್‌ಕ್ಯೂಎಲ್‌ನಿಂದ ಬೇರೆಯಾಗಿ ಎಣಿಸಿರುವುದಕ್ಕೆ ಕಾರಣವಿದೆ: 2009ರಲ್ಲಿ ಕವಲಾದ ಬಳಿಕ ಎರಡೂ ದೂರ ಸರಿಯುತ್ತ ಬಂದಿವೆ, 2017ರ ಡೆಬಿಯನ್ 9ರಿಂದ ಆ ಲಿನಕ್ಸ್ ವಿತರಣೆಯಲ್ಲಿ ಮೈಎಸ್‌ಕ್ಯೂಎಲ್ ಕೇಳಿದವರಿಗೆ ದೊರೆಯುತ್ತಿರುವುದು ಮಾರಿಯಾಡಿಬಿಯೇ. ಬ್ಯಾಕ್ಯುಲಾದಲ್ಲಿ ಒಂದು ಕಾಲಕ್ಕೆ ಇಂಗ್ರೆಸ್ ಡೇಟಾಬೇಸಿನ ಬೆಂಬಲವೂ ಇತ್ತು. ನೋಡಿಕೊಳ್ಳುವವರಿಲ್ಲದೆ ಅದು ಮರೆಯಾಯಿತು.

ಎದುರು ಪಕ್ಷದ ವಾದಗಳನ್ನೂ ತೂಗಬೇಕು. ನಮ್ಮ ಭಾಗದ ಎಂಜಿನಿಯರಿಂಗ್ ಮತ್ತು ಬಿಸಿಎ ಕಾಲೇಜುಗಳಿಂದ ಹೊರಬರುವ ಹುಡುಗ ಹುಡುಗಿಯರಲ್ಲಿ ಬಹುಪಾಲು ಜನ ಡೇಟಾಬೇಸನ್ನು ಮೊದಲು ಮುಟ್ಟುವುದು ಕ್ಸಾಂಪ್ ಎಂಬ ಸಿದ್ಧ ತಂತ್ರಾಂಶಗಳ ಕಟ್ಟನ್ನು ಹಾಕಿಕೊಂಡು ಪಿಎಚ್‌ಪಿ ಜೊತೆಗೆ ಮೈಎಸ್‌ಕ್ಯೂಎಲ್ ಕಲಿಯುವಾಗ. ಪೋಸ್ಟ್‌ಗ್ರೆಸ್ ಕಡ್ಡಾಯ ಎಂದೊಡನೆ ಅವರಿಗೆ ಬಳಕೆದಾರರ ಪಾತ್ರಗಳು, ಸಂಪರ್ಕದ ಅನುಮತಿಯ ಕಡತ, ಹಳೆಯ ಸಾಲುಗಳ ಜಾಗ ತೆರವುಗೊಳಿಸುವ ವ್ಯಾಕ್ಯೂಮ್ ಎಲ್ಲವೂ ಹೊಸದಾಗಿ ಎದುರಾಗುತ್ತವೆ. ಈ ಆಕ್ಷೇಪ ನ್ಯಾಯವಾದದ್ದು, ಆದರೆ ಅದರ ಪರಿಹಾರ ಒಳ್ಳೆಯ ಅನುಸ್ಥಾಪನೆ ಮತ್ತು ಕನ್ನಡದಲ್ಲೊಂದು ಒಳ್ಳೆಯ ಕೈಪಿಡಿ. ಕ್ಯಾಟಲಾಗಿನೊಳಗೆ ಕೈಯಾರೆ ಪ್ರಶ್ನೆ ಬರೆಯುವ ಅಗತ್ಯ ನಿರ್ವಾಹಕರಿಗೆ ವರ್ಷಕ್ಕೊಮ್ಮೆಯೂ ಬರಬಾರದು. ಎರಡನೆಯ ವಾದ, ಈಗಾಗಲೇ ಸಂಸ್ಥೆಯಲ್ಲಿ ಓಡುತ್ತಿರುವ ಮೈಎಸ್‌ಕ್ಯೂಎಲ್ ಸರ್ವರನ್ನೇ ಕ್ಯಾಟಲಾಗಿಗೂ ಬಳಸಿದರೆ ಒಂದು ಹೊರೆ ಕಡಿಮೆ ಎಂಬುದು. ಈ ವಾದವನ್ನು ನಾನು ಒಪ್ಪುವುದಿಲ್ಲ. ಆ ಸರ್ವರ್ ಕೈಕೊಟ್ಟ ದಿನವೇ ಬ್ಯಾಕಪ್ ಬೇಕಾಗುವುದು. ಅದರೊಂದಿಗೆ ಕ್ಯಾಟಲಾಗೂ ಹೋಗಿರುತ್ತದೆ.

2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಉಕ್ಕಿ ಗೋಕಾಕ, ಮುಧೋಳ, ರಾಮದುರ್ಗಗಳಿಗೆ ನೀರು ನುಗ್ಗಿದ್ದನ್ನು ನೆನೆದರೆ ಈ ಮಾತಿನ ತೂಕ ತಿಳಿಯುತ್ತದೆ. ಕಾರ್ಖಾನೆಯೊಂದರ ನೆಲಮಹಡಿಯ ಸರ್ವರ್ ಕೋಣೆ ಮುಳುಗಿದೆ, ಬ್ಯಾಕಪ್‌ನ ಇನ್ನೊಂದು ಪ್ರತಿ ಬಾಗಲಕೋಟೆಯ ನವನಗರದಲ್ಲಿ ಸುರಕ್ಷಿತವಾಗಿದೆ ಎಂದುಕೊಳ್ಳೋಣ. ಅದೇ ಕಬ್ಬು ನುರಿಸುವ ಹಂಗಾಮಿನಲ್ಲಿ ಸಂಭವಿಸಿದರೆ ತೂಕದ ಸೇತುವೆಯ ದಾಖಲೆಗಳು ಕೂಡಲೇ ಬೇಕು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನಗಳೊಳಗೆ ರೈತರಿಗೆ ಹಣ ಸಂದಾಯವಾಗಬೇಕು. ಈ ಹೊತ್ತಿನಲ್ಲಿ ಕ್ಯಾಟಲಾಗ್ ಯಾವ ಡೇಟಾಬೇಸಿನಲ್ಲಿತ್ತು ಎಂಬುದಕ್ಕಿಂತ ಅದಿಲ್ಲದೆಯೂ ಡಿಸ್ಕುಗಳನ್ನು ಓದಲು ಸಾಧ್ಯವೇ ಎಂಬ ಪ್ರಶ್ನೆ ಮುಖ್ಯವಾಗುತ್ತದೆ. ಬ್ಯಾಕ್ಯುಲಾ ಕುಟುಂಬದಲ್ಲಿ ಇದಕ್ಕೆ ಏರ್ಪಾಡುಗಳಿವೆ: ಕ್ಯಾಟಲಾಗನ್ನೇ ಪ್ರತಿ ರಾತ್ರಿ ಕೊನೆಗೆ ಬ್ಯಾಕಪ್ ಮಾಡುವ ಕೆಲಸ, ಅದನ್ನು ಪತ್ತೆಹಚ್ಚುವ ಬೂಟ್‌ಸ್ಟ್ರಾಪ್ ಕಡತ, ಏನೂ ಉಳಿಯದಿದ್ದರೆ ಟೇಪು ಅಥವಾ ಡಿಸ್ಕಿನ ಸಂಪುಟಗಳನ್ನೇ ಓದಿ ಕ್ಯಾಟಲಾಗನ್ನು ಮರುರಚಿಸುವ ಬಿಸ್ಕ್ಯಾನ್. ಅಭಿವೃದ್ಧಿಕಾರರ ಸಮಯ ವ್ಯಯವಾಗಬೇಕಾದದ್ದು ಇಲ್ಲಿ ಎಂದು ನನಗನ್ನಿಸುತ್ತದೆ. ಒಂದೇ ಡೇಟಾಬೇಸನ್ನು ನೆಚ್ಚಿಕೊಂಡು, ಅದರಿಂದ ಹೊರಬರುವ ಮತ್ತು ಅದಿಲ್ಲದೆ ಬದುಕುವ ದಾರಿಗಳನ್ನು ಗಟ್ಟಿಗೊಳಿಸುವ ಯೋಜನೆ, ನಾಲ್ಕು ಡೇಟಾಬೇಸುಗಳ ಹೆಸರನ್ನು ಮುಖಪುಟದಲ್ಲಿ ಬರೆದುಕೊಂಡ ಯೋಜನೆಗಿಂತ ಬಳಕೆದಾರರಿಗೆ ಹೆಚ್ಚಿನ ಸ್ವಾತಂತ್ರ್ಯ ಕೊಡುತ್ತದೆ.

ಕೇಂದ್ರೀಯ ಡೇಟಾಬೇಸೇ ಬೇಡ ಎಂಬ ನಿಲುವಿನ ತಂತ್ರಾಂಶಗಳೂ ಇವೆ. ರೆಸ್ಟಿಕ್ ಮತ್ತು ಬೋರ್ಗ್‌ಗಳು ಸೂಚಿಯನ್ನು ಬ್ಯಾಕಪ್ ಭಂಡಾರದೊಳಗೇ ಇಡುತ್ತವೆ. ಒಂದೆರಡು ಸರ್ವರಿನ ಪತ್ತಿನ ಸಂಘಕ್ಕೆ ಅಷ್ಟು ಸಾಕು. ಟೇಪಿನ ಸಂಗ್ರಹ, ಹತ್ತಾರು ಯಂತ್ರಗಳು ಇರುವ ವಿಶ್ವವಿದ್ಯಾಲಯಕ್ಕೋ ಆಸ್ಪತ್ರೆಗೋ ಸಾಲದು. ಡುಪ್ಲಿಕಾಟಿ, ಯುಆರ್‌ಬ್ಯಾಕಪ್‌ಗಳು ಎಸ್‌ಕ್ಯೂಎಲೈಟ್ ಒಂದನ್ನೇ ಆರಿಸಿಕೊಂಡಿವೆ, ಬೇರೆ ಆಯ್ಕೆ ಕೊಟ್ಟಿಲ್ಲ ಎಂಬುದನ್ನೂ ಗಮನಿಸಬಹುದು.

ಇಂದು ಮೈಎಸ್‌ಕ್ಯೂಎಲ್ ಮೇಲೆ ಕ್ಯಾಟಲಾಗ್ ನಡೆಸುತ್ತಿರುವವರಿಗೆ ಕಾಲದ ಒತ್ತಡವೂ ಇದೆ: 8.0 ಆವೃತ್ತಿಯ ಬೆಂಬಲಕ್ಕೆ ಒರಾಕಲ್ ನಿಗದಿಪಡಿಸಿದ ಕೊನೆಯ ತಿಂಗಳು 2026ರ ಏಪ್ರಿಲ್. ಬ್ಯಾರಿಯೋಸ್ ಬಳಸುವವರು 20ನೇ ಆವೃತ್ತಿಯ ಡಿಬಿಕಾಪಿ ಉಪಕರಣದಿಂದ ಪೋಸ್ಟ್‌ಗ್ರೆಸ್‌ಗೆ ಸಾಗಬಹುದು. ಕೈಯಾರೆ ಸಾಗಿಸುವವರು ಎರಡು ಕಡೆ ಎಡವುತ್ತಾರೆ. ಮೈಎಸ್‌ಕ್ಯೂಎಲ್ ಎಲ್ಲ ಅಂಕಿಗಳೂ ಸೊನ್ನೆಯಾದ ದಿನಾಂಕವನ್ನು ಬಹುಕಾಲ ಸಹಿಸಿಕೊಂಡಿತ್ತು. ಪೋಸ್ಟ್‌ಗ್ರೆಸ್ ಅಂಥದ್ದನ್ನು ದಿನಾಂಕವೆಂದೇ ಒಪ್ಪುವುದಿಲ್ಲವಾದ್ದರಿಂದ ಅವನ್ನು ಮೊದಲೇ ಖಾಲಿ ಮೌಲ್ಯಕ್ಕೆ ಬದಲಿಸಬೇಕು. ಎರಡನೆಯದು, ಸಾಲುಗಳನ್ನು ನಕಲಿಸಿದ ಮಾತ್ರಕ್ಕೆ ಪೋಸ್ಟ್‌ಗ್ರೆಸ್‌ನ ಕ್ರಮಸಂಖ್ಯೆಯ ಎಣಿಕೆ ಮುಂದೆ ಸರಿಯುವುದಿಲ್ಲ. ಅದನ್ನು ಪ್ರತಿ ಕೋಷ್ಟಕದ ಗರಿಷ್ಠ ಸಂಖ್ಯೆಗೆ ತಂದು ನಿಲ್ಲಿಸದಿದ್ದರೆ ಮೊದಲ ರಾತ್ರಿಯ ಬ್ಯಾಕಪ್ ಹಳೆಯ ಸಂಖ್ಯೆಗಳಿಗೆ ಡಿಕ್ಕಿ ಹೊಡೆದು ನಿಲ್ಲುತ್ತದೆ. ಇದನ್ನು ನುರಿಸುವ ಹಂಗಾಮು ಮುಗಿದ ಬೇಸಿಗೆಯಲ್ಲಿ, ಲೆಕ್ಕವರ್ಷದ ಕೊನೆಯ ಗಡಿಬಿಡಿ ತಪ್ಪಿಸಿ ಮಾಡುವುದು ಒಳಿತು. ಸಾಗಣೆಗೆ ಮುಂಚಿನ ದಿನಾಂಕದ, ಉದ್ದನೆಯ ಕನ್ನಡ ಹೆಸರಿನ ಒಂದು ಫೈಲನ್ನು ಹೊಸ ಕ್ಯಾಟಲಾಗಿನ ಮೂಲಕ ರಿಸ್ಟೋರ್ ಮಾಡಿ, ತೆರೆದು ನೋಡುವವರೆಗೆ ಹಳೆಯ ಮೈಎಸ್‌ಕ್ಯೂಎಲ್ ಸರ್ವರನ್ನು ಅಳಿಸಬಾರದು.